ಲೆಕ್ಕಕ್ಕಿಂತ ಹೆಚ್ಚು ಬಾಳಿದ ಬ್ಯಾಟರಿ

ಎರಡು ತಿಂಗಳ ಕಾಲ ನಮ್ಮ ಮನೆಯ ಬ್ಯಾಟರಿ ನನ್ನ ಲೆಕ್ಕಕ್ಕಿಂತ ಚೆನ್ನಾಗಿ ನಡೆಯಿತು. ನಾನು ಖುಷಿಪಟ್ಟೆ.

ಈ ವಾರ ಬರೆಯಬೇಕಾದ್ದು ಆ ಖುಷಿಯ ಬಗ್ಗೆ. ಮನೆಯ ಸಂಗತಿಗಳನ್ನು ಇಲ್ಲಿ ತಂದು ಹರಡುವವಳು ನಾನಲ್ಲ. ಈ ಅಂಕಣ ಓದುತ್ತ ಬಂದವರಿಗೆ ಅದು ಗೊತ್ತು. ನನ್ನ ಮನೆಯಲ್ಲಿ ಯಾರಿದ್ದಾರೆ ಎಂದು ಪತ್ರ ಬರೆದು ಕೇಳಿದವರಿಗೂ ನಾನು ಉತ್ತರ ಕೊಟ್ಟಿಲ್ಲ. ಈಗ ಕೊಡುತ್ತೇನೆ.

ಮನೆಯಲ್ಲಿ ಇಬ್ಬರಿದ್ದೇವೆ. ನಾನು ಮತ್ತು ನನ್ನ ದೊಡ್ಡವ್ವ, ಅಂದರೆ ತಾಯಿಯ ಅಕ್ಕ. ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಲ್ಲಿಂದ ಮುಂದೆ ಎಲ್ಲವೂ ದೊಡ್ಡವ್ವನೇ. ಇಪ್ಪತ್ತಾರು ವರ್ಷ ಅವಳು ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದಳು. ಹತ್ತಿಯಿಂದ ಬೀಜ ಬಿಡಿಸುವ ಯಂತ್ರದ ಮುಂದೆ, ಮೂಗಿಗೆ ಸೆರಗು ಕಟ್ಟಿಕೊಂಡು. ಆ ದುಡಿಮೆಯಲ್ಲಿ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದೆ. ಆ ದುಡಿಮೆಯಲ್ಲಿ ಅವಳ ಶ್ವಾಸಕೋಶವೂ ಮುಗಿಯಿತು.

ಹೋದ ವರ್ಷ ಬೆಳಗಾವಿಯ ಡಾಕ್ಟರು ಆಕ್ಸಿಜನ್ ಮಿಷನ್ ಬರೆದುಕೊಟ್ಟರು. ಸಣ್ಣ ಕಪಾಟಿನಷ್ಟು ಗಾತ್ರ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ನಳಿಕೆಯಿಂದ ಮೂಗಿಗೆ ಬಿಡುತ್ತದೆ. ದಿನಕ್ಕೆ ಹದಿನೈದು ತಾಸು ಹಚ್ಚಲೇಬೇಕು ಎಂದರು. ಕಡಿಮೆಯಾದರೆ? 'ಕಡಿಮಿ ಮಾಡಬ್ಯಾಡ್ರಿ' ಎಂದರು, ಅಷ್ಟೇ.

ಹದಿನೈದು ತಾಸು! ನಮ್ಮ ಊರಿನಲ್ಲಿ!

ಸಂಜೆ ಐದೂವರೆಗೆ ಕರೆಂಟು ಹೋದರೆ ಬರುವುದು ಒಂಬತ್ತೂವರೆಗೆ. ಅದು ಲೋಡ್ ಶೆಡ್ಡಿಂಗಿನ ಅಧಿಕೃತ ಹೊತ್ತು. ಹಗಲಿನಲ್ಲಿ ಅನಧಿಕೃತವಾಗಿ ಹೋಗುವುದು ಬೇರೆ. ಸಂಜೆಯ ಆ ನಾಲ್ಕು ತಾಸನ್ನು ಬಿಟ್ಟು ಹೇಗೆ ಕೂಡಿಸಿದರೂ ಹದಿನೈದು ಆಗುತ್ತಿರಲಿಲ್ಲ. ಮೇಲಾಗಿ ಓಣಿಯ ಒಲೆಗಳೆಲ್ಲ ಹೊಗೆಯಾಡುವುದು ಆಗಲೇ. ದೊಡ್ಡವ್ವನಿಗೆ ಎಲ್ಲಕ್ಕಿಂತ ಹೆಚ್ಚು ತ್ರಾಸಾಗುವುದೂ ಆಗಲೇ.

ಆದ್ದರಿಂದ ಇನ್ವರ್ಟರ್. ಆದ್ದರಿಂದ ಬ್ಯಾಟರಿ.

ನಾನು ಅದನ್ನು ಬೇರೆಯವರಂತೆ ಕೊಳ್ಳಲಿಲ್ಲ. ಗೊತ್ತಿದ್ದವರು ಎಷ್ಟರದು ತಂದಿದ್ದಾರೋ ಅಷ್ಟರದೇ ನಮಗೂ ಇರಲಿ ಎನ್ನಲಿಲ್ಲ. ಒಂದು ಭಾನುವಾರ ಹಾಳೆ, ಪೆನ್ಸಿಲ್ ಹಿಡಿದು ಕುಳಿತೆ. ಮಿಷನ್ನಿಗೆ ಮುನ್ನೂರೈವತ್ತು ವ್ಯಾಟ್. ಒಂದು ಸಿ.ಎಫ್.ಎಲ್. ದೀಪ, ಹದಿನೈದು. ಒಂದು ಫ್ಯಾನು, ಅರವತ್ತು. ಒಟ್ಟನ್ನು ನಾಲ್ಕು ತಾಸಿನಿಂದ ಗುಣಿಸಿದೆ. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವಾಗ ಇನ್ವರ್ಟರ್ ತಾನೇ ತಿಂದುಹಾಕುವ ಐದನೇ ಒಂದು ಭಾಗವನ್ನು ಸೇರಿಸಿದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಬಾರದು, ಮಾಡಿದರೆ ಬೇಗ ಸಾಯುತ್ತದೆ. ನೂರರಲ್ಲಿ ಅರವತ್ತು ಪಾಲು ಮಾತ್ರ ಬಳಸಿ ನಲವತ್ತು ಪಾಲು ಉಳಿಸಬೇಕು ಎಂದು ಗೆರೆ ಎಳೆದೆ. ಹೀಗೆ ಮಾಡಿದರೆ ಐದು ವರ್ಷ ಬಾಳುತ್ತದೆ. ಉತ್ತರ: ನೂರೈವತ್ತು ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಬ್ಯಾಟರಿ.

ಹಾಳೆಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಗೌಸುಸಾಬರ ಅಂಗಡಿಗೆ ಒಯ್ದೆ. ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿ ಮಾರಿ ವಯಸ್ಸಾದವರು. ಹತ್ತು ವರ್ಷದಿಂದ ಇನ್ವರ್ಟರನ್ನೂ ಇಟ್ಟಿದ್ದಾರೆ. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಎರಡು ಸಲ ಓದಿದರು.

"ಇಷ್ಟ ಚಂದ ಬರಕೊಂಡ ಯಾರೂ ಬಂದಿಲ್ರೀ ಮೇಡಂ. ಎಲ್ಲಾರೂ ಬಂದು, ಸಾಬ್ರ, ಒಂದ ದೊಡ್ಡದ ಕೊಟ್ಟಬಿಡ್ರಿ ಅಂತಾರ" ಎಂದರು. ಆಮೇಲೆ, "ಟಿ.ವಿ. ಬರದಿಲ್ಲಲ್ರಿ?"

"ಟಿ.ವಿ. ಬ್ಯಾಡ್ರಿ."

"ಮನ್ಯಾಗ ಹೆಣಮಕ್ಕಳು ಇದ್ದಾರಲ್ರಿ. ಸಂಜೀಕ ಬೇಕಾಗ್ತೈತಿ."

"ಮಿಷನ್ ನಡೀಬೇಕ್ರಿ. ಟಿ.ವಿ. ಅಲ್ಲ."

"ಒಂದ ಮಾತು ದೊಡ್ಡವ್ವಾರ್ನ ಕೇಳ್ರಿ."

"ಅದನ್ನ ನಾ ನೋಡ್ಕೊಂತೀನ್ರಿ" ಎಂದೆ.

ಅವರು ಹಾಳೆ ಮಡಚಿ ವಾಪಸು ಕೊಟ್ಟರು. ವೈರಿಂಗ್ ಮಾಡಲು ಮನೆಗೆ ಬಂದಾಗ ಮಾತ್ರ, ಗೋಡೆ ಕೊರೆಯುತ್ತ, ನನಗೆ ಹೇಳಿದರೋ ಗೋಡೆಗೆ ಹೇಳಿದರೋ ತಿಳಿಯದಂತೆ ಒಂದು ಮಾತು ಹೇಳಿದರು. "ಹತ್ತ ವರ್ಷದಾಗ ಎಷ್ಟ ಮನಿಗೆ ಇನ್ವರ್ಟರ್ ಹಚ್ಚೇನಿ ಲೆಕ್ಕಿಲ್ಲ. ಹಾಲಿಗೆ ಪಾಯಿಂಟ್ ಕೊಡು, ಯಜಮಾನ್ರ ಖೋಲಿಗೆ ಕೊಡು ಅಂತಾರ. ಅಡಗಿಮನ್ಯಾಗ ಒಂದ ಕೊಡಪಾ ಅಂದವ್ರು ಒಬ್ರೋ ಇಬ್ರೋ. ರೊಟ್ಟಿ ಬಡ್ಯಾಕಿ ಚಿಮಣಿ ಬೆಳಕಿನ್ಯಾಗ ಬಡೀತಾಳ, ಉಣ್ಣಾಂವ ಟ್ಯೂಬಲೈಟಿನ ಬುಡಕ ಉಣತಾನ."

ನಾನು ನಕ್ಕೆ. ಈ ಮಾತು ಅಂಕಣಕ್ಕೆ ಚೆನ್ನಾಗಿದೆ ಎಂದು ಅಂದುಕೊಂಡೆ ಕೂಡ. (ಬೇರೆಯವರ ಮನೆಗಳ ಬಗ್ಗೆ ಬರೆಯುವುದು ಎಷ್ಟು ಸುಲಭ!) ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಆ ಮನೆಯವರನ್ನು ಮಾತನಾಡಿಸಬೇಕಾಗಿಲ್ಲ, ಕರೆಂಟು ಹೋದಾಗ ಎಲ್ಲಿ ಬೆಳಕಿದೆ ಎಂದು ನೋಡಿದರೆ ಸಾಕು. ನಮ್ಮ ಮನೆಯಲ್ಲಿ ಯಜಮಾನರಿಲ್ಲವಲ್ಲ, ಆದ್ದರಿಂದ ಆ ಮಾತು ನಮಗಲ್ಲ ಎಂದುಕೊಂಡೆ.

ಯಜಮಾನಿ ಒಬ್ಬಳಿದ್ದಳು. ಅವಳು ಗೋಡೆಯ ಪಕ್ಕ ನಿಂತು ಗೌಸುಸಾಬರಿಗೆ ಸೂಚನೆ ಕೊಡುತ್ತಿದ್ದಳು: ಇನ್ವರ್ಟರ್ ಲೈನಿನಲ್ಲಿ ಒಂದು ದೀಪ, ಒಂದು ಫ್ಯಾನು, ಒಂದೇ ಒಂದು ಪ್ಲಗ್ ಪಾಯಿಂಟ್. ಎರಡನೆಯದು ಇದ್ದರೆ ಯಾರಾದರೂ ಏನಾದರೂ ಚುಚ್ಚುತ್ತಾರೆ. ಇಸ್ತ್ರಿ ಚುಚ್ಚಬಹುದು, ಮಿಕ್ಸರ್ ಚುಚ್ಚಬಹುದು. ಒಂದೇ ಇರಲಿ. ಅದರಲ್ಲಿ ಮಿಷನ್ ಇರಲಿ.

ದೊಡ್ಡವ್ವ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದಳು. "ಇದಕ ಟಿ.ವಿ. ಹತ್ತೂದಿಲ್ಲೇನ ಯವ್ವಾ?" ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. "ಆತು ಬಿಡು" ಎಂದಳು. ಮಾತು ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ನಾನು ಪಾಠ ಮಾಡುವುದು ಕಿತ್ತೂರಿನ ಒಂದು ಪಿ.ಯು. ಕಾಲೇಜಿನಲ್ಲಿ. ಸೆಕೆಂಡ್ ಪಿ.ಯು.ದ ಮಕ್ಕಳಿಗೆ ಸಂಜೆ ಆರರವರೆಗೆ ಹೆಚ್ಚುವರಿ ಕ್ಲಾಸು. ಬಸ್ಸು ಹಿಡಿದು ಮನೆ ಮುಟ್ಟುವಾಗ ಎಂಟು ದಾಟಿರುತ್ತದೆ. ನಾನು ಬಾಗಿಲು ತೆರೆಯುವಾಗ ಮಿಷನ್ ಭರ್ರೋ ಎನ್ನುತ್ತಿರುತ್ತಿತ್ತು. ಮೂಗಿಗೆ ನಳಿಕೆ ಹಾಕಿಕೊಂಡು ದೊಡ್ಡವ್ವ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಶೇಂಗಾದ ಸಿಪ್ಪೆ. ಅದನ್ನು ಕಂಡಿದ್ದೆ. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಒಂಬತ್ತೂವರೆಗೆ ಕರೆಂಟು ಬರುವ ಮುಂಚೆ ನಾನು ಹೈಡ್ರೋಮೀಟರ್ ಇಳಿಸಿ ಬ್ಯಾಟರಿಯ ನೀರು ಅಳೆಯುತ್ತಿದ್ದೆ. ಎಷ್ಟು ಖರ್ಚಾಗಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅರವತ್ತು ಪಾಲು ಖರ್ಚಾಗಬೇಕಿತ್ತು. ನಲವತ್ತು, ನಲವತ್ತೆರಡು ಆಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರೋ ಏನೋ. ನನ್ನ ವಿದ್ಯಾರ್ಥಿ ಹೀಗೆ ರೀಡಿಂಗ್ ತಂದಿದ್ದರೆ ನಾನೇ, 'ಎಲ್ಲೋ ತಪ್ಪಿದೆ, ಮತ್ತೊಮ್ಮೆ ಮಾಡು' ಎನ್ನುತ್ತಿದ್ದೆ. ಆದರೆ ಇದು ನನ್ನ ಬ್ಯಾಟರಿ. ಕಂಪನಿಯವರು ಹೇಳಿದ್ದಕ್ಕಿಂತ ಒಳ್ಳೆಯ ಮಾಲು ಸಿಕ್ಕಿದೆ ಎಂದುಕೊಂಡೆ. ಐದಲ್ಲ, ಏಳು ವರ್ಷ ಬಂದೀತು ಎಂದುಕೊಂಡೆ. ಅನುಕೂಲದ ತಪ್ಪನ್ನು ಯಾರು ತಪಾಸಣೆ ಮಾಡುತ್ತಾರೆ?

ಎರಡು ತಿಂಗಳಾದ ಮೇಲೆ ಬೆಳಗಾವಿಗೆ ಹೋದೆವು. ಡಾಕ್ಟರು ದೊಡ್ಡವ್ವನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದರು. ತೊಂಬತ್ತರ ಆಸುಪಾಸಿನಲ್ಲಿ ಇರಬೇಕಿದ್ದದ್ದು ಎಂಬತ್ನಾಲ್ಕು ತೋರಿಸಿತು. ಪಾದಗಳಲ್ಲಿ ಬಾವು.

"ಮಿಷನ್ ಬರೋಬ್ಬರಿ ಹಚ್ಚತೀರೇನ್ರಿ?"

ನಾನು ನೋಟ್‌ಬುಕ್ ತೆಗೆದು ಮುಂದಿಟ್ಟೆ. ತಾಸುಗಳ ಕಾಲಮ್ಮು, ಸಂಜೆಯ ನಾಲ್ಕು ತಾಸೂ ನಡೆದಿದೆ ಎಂದು ಹಿಡಿದು ತುಂಬಿದ್ದು. ದಿನಕ್ಕೆ ಹದಿನೈದು, ಹದಿನೈದೂವರೆ. ಅವರು ಪುಟ ತಿರುವಿದರು. ಇಂಥ ದಾಖಲೆಯನ್ನು ರೋಗಿಯ ಮನೆಯವರು ಇಡುವುದಿಲ್ಲ ಎಂದು ಹೊಗಳಿದರು. ಆಮೇಲೆ ಹೇಳಿದರು: "ಇಷ್ಟ ಹಚ್ಚಿದ್ರೂ ಇಳೀಲಿಕತ್ತೇತಿ ಅಂದ್ರ ರೋಗನ ಮುಂದ ಹೋಗೇತ್ರಿ." ಹೊಸ ಗುಳಿಗೆ ಬರೆದರು. ಜೋರಾದ ಗುಳಿಗೆ, ಸಕ್ಕರೆ ಕಾಯಿಲೆ ಬಂದರೂ ಬರಬಹುದು, ಬೇರೆ ದಾರಿಯಿಲ್ಲ ಎಂದರು.

ದೊಡ್ಡವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಆಗ ಅವಳ ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಟ್‌ಬುಕ್ಕನ್ನು ಚೀಲದಲ್ಲಿ ಇಡುತ್ತಿದ್ದೆ.

ಗುಳಿಗೆಯಿಂದ ಮೂರು ವಾರದಲ್ಲಿ ಅವಳ ಮುಖ ಊದಿಕೊಂಡಿತು. ಕನ್ನಡಿ ನೋಡುವುದನ್ನು ಬಿಟ್ಟಳು. ಸಕ್ಕರೆಯೂ ಬಂತು.

ಹೀಗಿರುವಾಗ ಒಂದು ದಿನ ಕಾಲೇಜು ನಾಲ್ಕು ಗಂಟೆಗೇ ಬಿಟ್ಟಿತು. ಸಂಸ್ಥೆಯ ಹಿರಿಯರೊಬ್ಬರು ತೀರಿಕೊಂಡಿದ್ದರು. ನಾನು ಊರಿಗೆ ಬಂದು, ಔಷಧಿ ಅಂಗಡಿಯ ಕೆಲಸ ಮುಗಿಸಿ, ಆರೂಮುಕ್ಕಾಲಿಗೆ ನಮ್ಮ ಓಣಿಗೆ ಕಾಲಿಟ್ಟೆ. ಓಣಿ ಪೂರ್ತಿ ಕತ್ತಲು. ನಮ್ಮ ಮನೆಯಲ್ಲಿ ಮಾತ್ರ ಬೆಳಕು. ಒಳಗಿನಿಂದ ನಗೆ ಕೇಳಿಸಿತು. ಎಷ್ಟೋ ಜನರ ನಗೆ. ಅದರ ಹಿಂದೆ ಯಾವುದೋ ಧಾರಾವಾಹಿಯ ಹೆಂಗಸು ಅಳುತ್ತಿದ್ದಳು. (ಇಡೀ ಊರಿಗೆ ಕರೆಂಟಿಲ್ಲದಿದ್ದರೂ ಕೇಬಲ್ಲಿನವನು ಜನರೇಟರ್ ಹಚ್ಚಿ ಧಾರಾವಾಹಿ ಬಿಡುತ್ತಾನೆ. ಯಾರಿಗಾಗಿ ಎಂದು ನನಗೆ ಆಗಾಗ ಅನಿಸುತ್ತಿತ್ತು. ನಮ್ಮ ಮನೆಗಾಗಿ.)

ಕೇಳಿಸದೇ ಇದ್ದದ್ದು ಒಂದೇ. ಮಿಷನ್ನಿನ ಭರ್ರೋ.

ಬಾಗಿಲಲ್ಲಿ ನಿಂತೆ. ಏಳೆಂಟು ಹೆಂಗಸರು ಹಾಸಿದ ಗೋಣಿತಟ್ಟಿನ ಸುತ್ತ ಕುಳಿತಿದ್ದರು. ನಡುವೆ ಶೇಂಗಾದ ರಾಶಿ. ಎಲ್ಲರೂ ಸುಲಿಯುತ್ತಿದ್ದರು, ಕಣ್ಣು ಟಿ.ವಿ. ಮೇಲೆ. ಅಳುವ ಸೊಸೆಯ ಅತ್ತೆ ತೆರೆಯ ಮೇಲೆ ಬಂದ ಕೂಡಲೇ ಎದುರು ಮನೆಯ ನೀಲವ್ವ, "ಬಂದ್ಲ ನೋಡ ಮಾರಿ! ಬೆಳ್ಳಂಬೆಳಿಗ್ಗಿ ಇಷ್ಟ ಬಂಗಾರ ಹಾಕ್ಕೊಂಡ ಯಾವ ಹೊಲಕ ಹೊಂಟಾಳಬೇ ಈಕಿ?" ಎಂದಳು. ಎಲ್ಲರೂ ಕುಲುಕುಲು ನಕ್ಕರು.

ಎಲ್ಲರಿಗಿಂತ ಜೋರಾಗಿ ದೊಡ್ಡವ್ವ ನಗುತ್ತಿದ್ದಳು. ನಗುತ್ತ ಕೆಮ್ಮುತ್ತಿದ್ದಳು, ಕೆಮ್ಮುತ್ತ ಮತ್ತೆ ನಗುತ್ತಿದ್ದಳು. ನಳಿಕೆ ಗೋಡೆಯ ಮೊಳೆಗೆ ತೂಗುಬಿದ್ದಿತ್ತು. ಅವಳ ತುಟಿ ನೀಲಿಯಾಗಿತ್ತು.

ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ನಾನೇ ಹೇಳಿ ಹಾಕಿಸಿದ್ದು. ಅದರಲ್ಲಿ ಟಿ.ವಿ.ಯ ವೈರು ಇತ್ತು.

ನಾನು ನಡೆದು ಹೋಗಿ ಆ ವೈರನ್ನು ಕಿತ್ತೆ. ತೆರೆ ಕಪ್ಪಾಯಿತು. ಮಿಷನ್ನಿನ ಪ್ಲಗ್ ಹಾಕಿ, ನಳಿಕೆಯನ್ನು ದೊಡ್ಡವ್ವನ ಮೂಗಿಗೆ ಸಿಕ್ಕಿಸಿದೆ. ಸುಲಿಯುವ ಕೈಗಳು ನಿಂತವು.

"ಟಿ.ವಿ. ಸಲುವಾಗಿ ಒಂದ ಜೀವಾ ತಗೀತೀರೇನು?" ಎಂದೆ. ನೀಲವ್ವನ ಮುಖ ನೋಡಿಯೇ ಅಂದೆ. ಅದು ನನ್ನ ಧ್ವನಿಯೇ ಎಂದು ನನಗೆ ಗೊತ್ತಾಗಲಿಲ್ಲ.

ನೀಲವ್ವ ಎದ್ದು ನಿಂತಳು. ಸೆರಗಿನಲ್ಲಿದ್ದ ಸಿಪ್ಪೆ ಕೆಳಗೆ ಉದುರಿತು. "ನಮಗೇನ ಗೊತ್ತರಿ ಅಕ್ಕಾರ? ಮಿಷನ್ನು ಕಾಯ್ತೈತಿ, ಎರಡ ತಾಸ ಆರಾಕ ಬಿಡಬೇಕಂತ ಡಾಕ್ಟ್ರು ಹೇಳ್ಯಾರ ಅಂದ್ಲು ಆಕಿ. ಜಿನ್ನಿನ್ಯಾಗ ರೂಲಾ ಕಾದ್ರ ಬಂದ್ ಮಾಡ್ತಿದ್ದಿವಲ್ಲ, ಹಂಗ ಅಂತ. ನಾವೂ ಅಲ್ಲೇ ದುಡದವ್ರು, ಖರೇ ಅಂದಕೊಂಡ್ವಿ."

ಅವಳು ಹೇಳಿದ್ದು ನಿಜವಿತ್ತು. ಆ ಏಳೆಂಟು ಹೆಂಗಸರಲ್ಲಿ ಹೆಚ್ಚಿನವರು ದೊಡ್ಡವ್ವನೊಡನೆ ಅದೇ ಮಿಲ್ಲಿನಲ್ಲಿ ದುಡಿದವರು. ಹತ್ತಿ ಬಿಡಿಸುವ ರೂಲು ತಿಕ್ಕಿ ತಿಕ್ಕಿ ಕಾದಾಗ ಯಂತ್ರ ನಿಲ್ಲಿಸುತ್ತಿದ್ದರಂತೆ. ಆರುವವರೆಗೆ ಎಲ್ಲರೂ ಒಟ್ಟಿಗೆ ಕುಳಿತು ಚಹಾ ಕುಡಿಯುತ್ತಿದ್ದರಂತೆ. ದಿನದಲ್ಲಿ ಅದೊಂದೇ ಅವರ ಮಾತಿನ ಹೊತ್ತು. ಮಿಲ್ಲು ಬಿಟ್ಟ ಮೇಲೆ ಆ ಹೊತ್ತನ್ನು ಅವರು ನಮ್ಮ ಮನೆಯ ಟಿ.ವಿ. ಮುಂದೆ ತಂದಿಟ್ಟುಕೊಂಡಿದ್ದರು. ಹಲವು ವರ್ಷದಿಂದ, ಸಂಜೆಯ ಕರೆಂಟು ಹೋಗಲು ಶುರುವಾಗುವ ಮುಂಚಿನಿಂದ. ನಾನು ಮನೆಯಲ್ಲಿ ಇರದ ಹೊತ್ತು ಅದು.

ಅವರು ಶೇಂಗಾ ಬಳಿದುಕೊಂಡು ಹೋದರು. ದೊಡ್ಡವ್ವನಿಗೆ ಉಸಿರು ಕೂಡುವವರೆಗೆ ಕಾಯ್ದೆ. ಆಮೇಲೆ ಕೇಳಿದೆ, ಯಾಕೆ ಹೀಗೆ ಮಾಡಿದಿ ಎಂದು.

"ನಾಕ ತಾಸು ಗ್ವಾಡಿ ಮಾರಿ ನೋಡ್ಕೋಂತ ಉಸರಾಡ್ಲೇನ ಯವ್ವಾ?"

"ನನಗ ಯಾಕ ಹೇಳ್ಲಿಲ್ಲ?"

"ಕೇಳಿದ್ನಲ್ಲ. ಹತ್ತೂದಿಲ್ಲ ಅಂದಿ."

"ಡಾಕ್ಟ್ರ ಮುಂದರೆ ಹೇಳಬೇಕಿಲ್ಲೋ?"

ಅವಳು ಮೂಗಿನ ನಳಿಕೆಯನ್ನು ಸರಿಮಾಡಿಕೊಂಡಳು. "ನಿನ್ನ ಬುಕ್ಕ ನೋಡಿ ಅವರು ಶಾಬಾಸ್ ಅಂದ್ರು. ನಿನ್ನ ಮಾರಿ ಎಷ್ಟ ಖುಷಿ ಆತು. ನಡಬರಕ ನಾ ಏನ ಹೇಳ್ಲಿ?"

ಆ ವಾರವೇ ಗೌಸುಸಾಬರನ್ನು ಕರೆಸಿ ಎರಡನೆಯ ಪ್ಲಗ್ ಪಾಯಿಂಟ್ ಹಾಕಿಸಿದೆ. ಅದಕ್ಕೆ ಮುಂಚೆ ಮತ್ತೆ ಲೆಕ್ಕ ಮಾಡಿದೆ. ಟಿ.ವಿ.ಗೆ ತೊಂಬತ್ತು ವ್ಯಾಟ್, ಎರಡು ತಾಸು. ಒಟ್ಟು ಖರ್ಚು ಅರವತ್ತು ಪಾಲಿನಿಂದ ಅರವತ್ತಾರಕ್ಕೆ ಏರುತ್ತಿತ್ತು. ಅಷ್ಟೇ. ಹೊಸ ಬ್ಯಾಟರಿ ಬೇಕಾಗಿರಲಿಲ್ಲ. ಹೊಸ ವೈರೂ ಹೆಚ್ಚು ಬೇಕಾಗಿರಲಿಲ್ಲ. ಮಿಷನ್ನು, ಟಿ.ವಿ. ಎರಡೂ ಮೊದಲ ದಿನದಿಂದಲೇ ನಡೆಯುತ್ತಿದ್ದವು. ಹೆಚ್ಚೆಂದರೆ ಬ್ಯಾಟರಿ ಐದು ವರ್ಷದ ಬದಲು ನಾಲ್ಕೂವರೆ ವರ್ಷ ಬಾಳುತ್ತಿತ್ತು.

ನಾನು ಆ ಆರು ಪಾಲನ್ನು ಬ್ಯಾಟರಿಯ ಆಯುಷ್ಯಕ್ಕೆಂದು ಎತ್ತಿಟ್ಟಿದ್ದೆ. ದೊಡ್ಡವ್ವನಿಗೆ ಐದು ವರ್ಷವಿದೆ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಬೆಳಗಾವಿಯ ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ದಿನದಿನಕ್ಕೆ ಇಳಿಸುತ್ತ ಹೋಗಬೇಕು ಎಂದು ಬೇರೆ ಚೀಟಿ ಬರೆದರು. ಮೂರು ತಿಂಗಳಲ್ಲಿ ಹೋದದ್ದು ಹೋಯಿತು, ಉಳಿದದ್ದನ್ನು ಕಾಯೋಣ ಎಂದರು. ನೋಟ್‌ಬುಕ್ಕನ್ನು ಈ ಸಲ ಅವರು ತೆರೆಯಲಿಲ್ಲ.

ನೀಲವ್ವನ ಮನೆಗೂ ಹೋದೆ. ತಪ್ಪಾಯಿತು ಎಂದೆ. ಕ್ಷಮೆ ಕೇಳುವುದು ನನಗೆ ಚೆನ್ನಾಗಿ ಬರುವುದಿಲ್ಲ; ತಯಾರಿ ಮಾಡಿಕೊಂಡು ಹೋಗಿದ್ದೆ. ಅವಳು ಚಾಪೆ ಹಾಸಿ, ಚಹಾ ಕೊಟ್ಟು, "ಕುಂತ್ಕೋರಿ ಅಕ್ಕಾರ, ಅದರಾಗೇನೈತಿ" ಎಂದಳು. ಸಂಜೆ ಬನ್ನಿ ಎಂದೆ. "ಬರತೇವ್ರಿ, ಯಾಕ ಬರೂದಿಲ್ಲ?" ಎಂದಳು.

ಎರಡು ದಿನ ಬಂದರಂತೆ. ಶೇಂಗಾ ತರಲಿಲ್ಲವಂತೆ, ಧೂಳಾಗುತ್ತದೆಂದು. ಯಾರೂ ನಗಲಿಲ್ಲವಂತೆ, ದೊಡ್ಡವ್ವ ನಕ್ಕು ಕೆಮ್ಮಿದರೆ ಏನು ಗತಿ ಎಂದು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಬ್ಬರಲ್ಲ ಒಬ್ಬರು ನಳಿಕೆ ಸರಿಯಾಗಿದೆಯೇ ಎಂದು ನೋಡುತ್ತಿದ್ದರಂತೆ. ಮೂರನೆಯ ದಿನ ನೀಲವ್ವನಿಗೆ ಮನೆಯಲ್ಲಿ ಕೆಲಸವಿತ್ತು. ನಾಲ್ಕನೆಯ ದಿನ ಎಲ್ಲರಿಗೂ ಇತ್ತು.

ಈಗ ನಾನು ಸಂಜೆಯ ಕ್ಲಾಸು ಬಿಟ್ಟಿದ್ದೇನೆ. ಆರಕ್ಕೇ ಮನೆಯಲ್ಲಿ ಇರುತ್ತೇನೆ. ಕರೆಂಟು ಹೋಗಿರುತ್ತದೆ, ಮಿಷನ್ ನಡೆಯುತ್ತಿರುತ್ತದೆ, ದೊಡ್ಡವ್ವ ಪೂರ್ತಿ ನಾಲ್ಕು ತಾಸು ಉಸಿರಾಡುತ್ತಾಳೆ. ರೀಡಿಂಗು ನನ್ನ ಮೊದಲ ಲೆಕ್ಕಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ. ಅರವತ್ತು ಪಾಲು. ಅರವತ್ತಾರಲ್ಲ.

ಮೊನ್ನೆ ಕೇಳಿದೆ, ಟಿ.ವಿ. ಹಚ್ಚಲೇ ಎಂದು.

"ಬ್ಯಾಡ ಬಿಡ ಯವ್ವಾ" ಎಂದಳು. "ಬ್ಯಾಟರಿ ಉಳೀಲಿ."

ಉಳಿಯುತ್ತಿದೆ. ಅದನ್ನು ಯಾವ ಸಂಜೆಗೆಂದು ಎತ್ತಿಡಲಿ?